ಚಂದ್ರನಿಗಿಟ್ಟ ಕಿವಿ, ನಮ್ಮ ಅಂಗಳದ ಬಾವಿ

ನನಗೆ ಬಾವಿ ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲೇ ಬೇಕಿತ್ತು. ಬೇರೆ ಎಲ್ಲಿಯೂ ಬೇಡ. ಆ ಹಟದಿಂದ ಏನಾಯಿತು ಅನ್ನುವುದನ್ನು ಇಷ್ಟು ವರ್ಷ ಹೊರಗಿನವರಿಗೆ ಹೇಳಿರಲಿಲ್ಲ. ಈಗ ಬರೆಯುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತು, ದೀರ್ಘ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯ ತಪ್ಪಿದರೆ ತಿದ್ದುವವರು ಯಾರೂ ಉಳಿದಿಲ್ಲ.

ಇನ್ನೂ ಮೈಸೂರು ರಾಜ್ಯ ಅಂತಲೇ ಹೆಸರಿದ್ದ ಕಾಲ. ಅಮೆರಿಕದವರು ಚಂದ್ರನ ಮೇಲೆ ಇಳಿದು ಬಂದು ಒಂದು ವರ್ಷವಾಗಿರಬೇಕು. ನಮ್ಮ ಮನೆ ಹಾರಂಗಿ ಹೊಳೆಯ ಮೇಲಿನ ಇಳಿಜಾರಿನಲ್ಲಿತ್ತು; ಸಂತೆಗೆ ಕುಶಾಲನಗರಕ್ಕೆ ನಡೆದೇ ಹೋಗುತ್ತಿದ್ದೆವು. ನನ್ನ ಅತ್ತೆ ಮಾವ ಹಾಸನದ ಕಡೆಯಿಂದ ಬಂದು ಪೊದೆ ಕಡಿದು ಗದ್ದೆ ಮಾಡಿದವರು. ಆ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ನಾನು, ಗಂಡ, ಎರಡು ಸಣ್ಣ ಮಕ್ಕಳು, ಮೂರು ದನ.

ಇಷ್ಟು ಜನಕ್ಕೂ ದನಕ್ಕೂ ನೀರು ಹೊಳೆಯಿಂದ ಬರಬೇಕು, ನನ್ನ ಸೊಂಟದ ಮೇಲೆ. ಇಳಿಯುವಾಗ ಖಾಲಿ ಕೊಡ, ಹತ್ತುವಾಗ ತುಂಬಿದ ಕೊಡ. ದೇವರು ಆ ಇಳಿಜಾರನ್ನು ತಿರುಗಿಸಿ ಇಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಒಂದು ಸಲ ಜಾರಿ ಬಿದ್ದು ಕೊಡ ಒಡೆಯಿತು, ಎಡಗೈಯ ಮಣಿಕಟ್ಟು ಮುರಿಯಿತು. ಕಟ್ಟು ಹಾಕಿದವನು ಸೊಟ್ಟಗೆ ಕಟ್ಟಿದ, ಇವತ್ತಿಗೂ ಸೊಟ್ಟವೇ. ಅವತ್ತು ನನ್ನ ಗಂಡ ಓಡಿ ಬಂದು ಮೊದಲು ಹೇಳಿದ್ದು, "ಹೋಗ್ಲಿ ಬಿಡು, ಇನ್ನೊಂದು ಕೊಡ ಐತಲ್ಲ." ಕೈಯ ಮಾತು ಆಮೇಲೆ ಬಂತು.

ಆ ವರ್ಷ ಭತ್ತ ಚೆನ್ನಾಗಿ ಬಂತು. ಬೇಸಿಗೆಯಲ್ಲಿ ಬಾವಿ ತೋಡಿಸೋಣ ಅಂತ ಗಂಡ ಒಪ್ಪಿದ. ನೀರು ನೋಡುವವರೊಬ್ಬರನ್ನು ಕರೆಸಿದ. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಅಂಗಳವನ್ನೆಲ್ಲ ಸುತ್ತಿದರು. ಕಾಯಿ ಎದ್ದು ನಿಂತದ್ದು ಅಂಗಳದ ಕೆಳತುದಿಯಲ್ಲಿ, ಹಲಸಿನ ಮರದ ಹತ್ತಿರ. ಅಲ್ಲಿಂದ ಅಡುಗೆಮನೆಗೆ ಮತ್ತೆ ಹತ್ತಬೇಕು. ಹೊಳೆಯಷ್ಟು ದೂರವಲ್ಲ, ನಿಜ. ಆದರೆ ಹತ್ತುವುದು ಹತ್ತುವುದೇ.

"ತೆಂಗಿನಕಾಯಿ ಅಡುಗೆ ಮಾಡ್ತದಾ?" ಅಂದೆ ನಾನು.

"ನೀರು ಇರೋ ಕಡೆ ತೋಡಬೇಕು ಕಣೆ. ನಿನ್ನ ಒಲೆ ಇರೋ ಕಡೆ ಅಲ್ಲ."

"ನೀರು ಎಲ್ಲಾ ಕಡೆ ಇರ್ತದೆ. ಆಳಕ್ಕೆ ಹೋಗಬೇಕು ಅಷ್ಟೆ."

ನನ್ನ ಗಂಡ ಜಗಳದವನಲ್ಲ. ಸುಮ್ಮನೆ ಎದ್ದು ಗದ್ದೆಗೆ ಹೋದ. ಆದರೆ ಮನಸ್ಸಿನಲ್ಲಿ ಹಲಸಿನ ಮರವೇ ಗಟ್ಟಿಯಾಗಿತ್ತು.

ಇದೇ ಬೇಸಿಗೆಯಲ್ಲಿ ಹೊಳೆಗೆ ಅಣೆಕಟ್ಟು ಕಟ್ಟಬಹುದೋ ಇಲ್ಲವೋ ನೋಡಲು ಸರ್ಕಾರದ ಜನ ಬಂದು ದಡದಲ್ಲಿ ಡೇರೆ ಹಾಕಿದ್ದರು. ಅವರಲ್ಲಿ ಒಬ್ಬರು ಧಾರವಾಡದ ಕಡೆಯವರು. ಡೇರೆಯ ಅಡುಗೆ ಅವರ ಹೊಟ್ಟೆಗೆ ಆಗುತ್ತಿರಲಿಲ್ಲ. ಹಾಗಾಗಿ ನಮ್ಮ ಹೊರಗಿನ ಕೋಣೆಯಲ್ಲಿ ಉಳಿದುಕೊಂಡು ಊಟಕ್ಕೂ ನಮ್ಮಲ್ಲೇ ಕೂರುತ್ತಿದ್ದರು. ಅವರ ಜೊತೆಗೆ ಒಂದು ಮರದ ಪೆಟ್ಟಿಗೆ ಇತ್ತು. ಮಗುವನ್ನು ಮಲಗಿಸುವ ಹಾಗೆ ಕಂಬಳಿಯಲ್ಲಿ ಸುತ್ತಿ ಮಲಗಿಸುತ್ತಿದ್ದರು. ನಾವು ಅವರನ್ನು ಮಿಷನ್ನವರು ಅನ್ನುತ್ತಿದ್ದೆವು. ಅವರು ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ನನ್ನನ್ನು ಅಕ್ಕಾರ ಅನ್ನುತ್ತಿದ್ದರು.

ಮೊದಲ ದಿನ ಅಕ್ಕಿ ರೊಟ್ಟಿ ಬಡಿಸಿದೆ. ತಿರುವಿ ತಿರುವಿ ನೋಡಿದರು.

"ಇದಕ್ಕ ರೊಟ್ಟಿ ಅಂತೀರೇನ್ರಿ ಅಕ್ಕಾರ?"

"ಮತ್ತೇನು ಅನ್ನೋದು?"

"ಹೆಸರು ಅದ ಇರ್ಲಿ ಬಿಡ್ರಿ. ಜ್ವಾಳಕ್ಕ ಗೊತ್ತಾಗೂದು ಬ್ಯಾಡ."

ನಾಲ್ಕು ತಿಂದರು. ಅವತ್ತಿನಿಂದ ಮನೆಯವರೇ ಆದರು.

ಆ ಪೆಟ್ಟಿಗೆಯ ಕೆಲಸ ಏನು ಅಂತ ನನಗೆ ತಿಳಿದದ್ದು ನಮ್ಮ ಕೆಂಪು ದನದಿಂದ. ಹಸಿ ಸೊಪ್ಪು ಹೆಚ್ಚು ತಿಂದು ಅದಕ್ಕೆ ಹೊಟ್ಟೆ ಉಬ್ಬರಿಸಿತ್ತು. ನಾನು ಎಡಗಡೆಯ ಪಕ್ಕೆಗೆ ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದೆ. ಮೇಲುಗಡೆ ತಮಟೆಯ ಹಾಗೆ ಸದ್ದು ಬಂದರೆ ಗಾಳಿ, ಮಂದವಾದರೆ ಮೇವು. ಎಲ್ಲಿಯವರೆಗೆ ಗಾಳಿ ಇದೆ ಅಂತ ತಿಳಿದ ಮೇಲೆ ಎಣ್ಣೆ ಕುಡಿಸುವುದು. ಮಿಷನ್ನವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಕ್ಕಾರ, ನಿಮ್ದೂ ನಂದೂ ಒಂದ ಉದ್ಯೋಗ ನೋಡ್ರಿ."

"ನಿಮಗೂ ಸೆಗಣಿ ಬಾಚೋ ಕೆಲಸನಾ?"

ನಕ್ಕರು. ಆಮೇಲೆ ಹೇಳಿದರು. ನೆಲದ ಮೇಲೆ ಒಂದು ಕಬ್ಬಿಣದ ಹಲಗೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುವುದು. ಅಲ್ಲಿಂದ ಸಾಲಾಗಿ, ಇಷ್ಟಿಷ್ಟು ದೂರಕ್ಕೆ ಒಂದರಂತೆ, ಮೊಳೆ ಇರುವ ಸಣ್ಣ ಡಬ್ಬಿಗಳನ್ನು ನೆಲಕ್ಕೆ ಚುಚ್ಚಿರುತ್ತಾರೆ. ಅವೇ ಕಿವಿಗಳು. ಹೊಡೆದ ಪೆಟ್ಟು ನೆಲದೊಳಗೆ ಇಳಿದು ಓಡಿ ಬಂದು ಒಂದೊಂದು ಕಿವಿಗೂ ತಾಗುತ್ತದೆ. ಬಂಡೆಯಲ್ಲಿ ಪೆಟ್ಟು ಕುದುರೆಯ ಹಾಗೆ ಓಡುತ್ತದೆ, ಸಡಿಲ ಮಣ್ಣಿನಲ್ಲಿ ಗದ್ದೆ ಕೆಸರಿನಲ್ಲಿ ನಡೆದ ಹಾಗೆ ನಿಧಾನ. ಯಾವ ಕಿವಿಗೆ ಎಷ್ಟು ಹೊತ್ತಿಗೆ ತಾಗಿತು ಅನ್ನುವುದನ್ನು ಪೆಟ್ಟಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಅಗೆಯದೆಯೇ ಬಂಡೆ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕಬಹುದು.

ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಆಶ್ಚರ್ಯವಾದದ್ದು ಅವರು ಮತ್ತೊಂದು ದಿನ ಹೇಳಿದ ಮಾತಿಗೆ. ಸಂಜೆ, ಇನ್ನೂ ಬೆಳಕಿತ್ತು. ಜಗಲಿಯ ಮೇಲೆ ಗಂಡ ಹಗ್ಗ ಹೊಸೆಯುತ್ತಿದ್ದ, ನಾನು ಅಲಸಂದೆಕಾಯಿ ಸುಲಿಯುತ್ತಿದ್ದೆ.

"ಚಂದ್ರನ ಮ್ಯಾಲೂ ಇಂಥಾದ್ದೊಂದು ಕಿವಿ ಇಟ್ಟು ಬಂದಾರ್ರಿ ಅಕ್ಕಾರ."

"ಯಾಕೆ, ಅಲ್ಲೂ ಅಣೆಕಟ್ಟಾ?"

"ಅಲ್ರೀ. ಚಂದ್ರನ ಹೊಟ್ಟಿ ಒಳಗ ಏನೈತಿ ಅಂತ ತಿಳ್ಕೊಳ್ಳಾಕ."

ನನ್ನ ಗಂಡನಿಗೆ ಕೆಲಸದ ಚಿಂತೆ. "ಸುತ್ತಿಗೆ ಹೊಡೆಯೋರು ಯಾರು ಸಾರ್ ಅಲ್ಲಿ? ಹೋದವರೆಲ್ಲ ವಾಪಸ್ ಬಂದ್ರಲ್ಲ?"

"ಅದ ಮಜಾ ಕೇಳ್ರಿ. ಎರಡನೇ ಸಲ ಹೋದವ್ರು, ಚಂದ್ರನಿಂದ ಎದ್ದು ತಮ್ಮ ದೊಡ್ಡ ಬಂಡಿ ಸೇರ್ಕೊಂಡ್ರು. ಆಮ್ಯಾಲೆ ಅಲ್ಲಿಗಂಟ ಹತ್ತಿ ಬಂದ ಸಣ್ಣ ಬಂಡೀನ ತಿರುಗಿ ಚಂದ್ರನ ಮ್ಯಾಲೆ ಒಗದುಬಿಟ್ರು. ಬೇಕಂತನ. ಅದ ಸುತ್ತಿಗಿ."

"ಒಳ್ಳೇ ಬಂಡಿನಾ?" ಅಂದ ಗಂಡ. ಅವನಿಗೆ ಅದು ಸಂಕಟವಾಯಿತು.

"ಆ ಪೆಟ್ಟಿಗೆ ಚಂದ್ರ ನಡುಗಿದ್ದು ಹತ್ರ ಹತ್ರ ಒಂದು ತಾಸು. ಇಲ್ಲಿ ಹಂಗ ಆಗಿದ್ರ ಒಂದೆರಡು ನಿಮಿಷದಾಗ ಎಲ್ಲಾ ತಣ್ಣಗ ಆಗ್ತಿತ್ತು. ಅವ್ರೆಲ್ಲ ಗಾಬರಿ ಆಗ್ಯಾರ, ಗಂಟಿ ಹೊಡದಂಗ ಹೊಡ್ಕೊಂತೈತಲ್ಲಪ ಅಂತ."

ನಾನು ಅಲಸಂದೆಕಾಯಿ ಸುಲಿಯುವುದನ್ನು ನಿಲ್ಲಿಸಿದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಗೆಣ್ಣಿನಿಂದ ಬಡಿದು ನೋಡುತ್ತೇವೆ. ಹಸಿ ಉಳಿದ ಮಡಕೆ ಥಪ್ ಅಂದು ಸುಮ್ಮನಾಗುತ್ತದೆ. ಚೆನ್ನಾಗಿ ಸುಟ್ಟದ್ದು ಎಷ್ಟೋ ಹೊತ್ತು ಗುಂಯ್ ಅನ್ನುತ್ತದೆ.

"ಹಂಗಾದ್ರೆ ಅಲ್ಲಿ ನೀರಿನ ಪಸೆ ಇಲ್ಲ," ಅಂದೆ.

ಅವರು ನನ್ನ ಮುಖ ನೋಡಿದರು. "ಅಕ್ಕಾರ, ದೊಡ್ಡ ದೊಡ್ಡ ಮಂದಿ ಇದನ್ನ ಈಗ ಬರೀಲಿಕ್ಕೆ ಹತ್ಯಾರ್ರಿ."

"ಬರೀಲಿ. ಮಡಕೆ ಕೊಳ್ಳೋರಿಗೆಲ್ಲ ಗೊತ್ತಿರೋದೆ."

"ಬರೇ ಒಣಗಿದ್ದಷ್ಟ ಅಲ್ರಿ. ಮ್ಯಾಲಿನ ಪದರ ಎಲ್ಲಾ ಒಡದು ಚೂರು ಚೂರು ಆಗೇತಂತ. ಪೆಟ್ಟು ಆ ಚೂರಿಗೆ ಬಡದು, ಈ ಚೂರಿಗೆ ಬಡದು, ದಾರಿ ತಪ್ಪಿದ ದನದಂಗ ತಿರಿಗಿ ತಿರಿಗಿ ಬರ್ತೈತಿ. ಅದಕ್ಕ ಅಷ್ಟೊತ್ತು."

ಅವರು ಗಂಡ ಹೊಸೆಯುತ್ತಿದ್ದ ಹಗ್ಗವನ್ನು ತೆಗೆದುಕೊಂಡು ಒಂದು ತುದಿ ಅವನಿಗೆ ಹಿಡಿಸಿ, ಇನ್ನೊಂದು ತುದಿಯನ್ನು ಪಕ್ಕಕ್ಕೆ ಒದರಿದರು. ಹಾವಿನ ಹಾಗೆ ಅಲೆ ಓಡಿತು. ಪೆಟ್ಟಿನಲ್ಲಿ ಎರಡು ಜಾತಿಯಂತೆ. ಒಂದು ಜಾತ್ರೆಯ ನೂಕುನುಗ್ಗಲಿನ ಹಾಗೆ ಮುಂದಿನವನನ್ನು ತಳ್ಳುತ್ತಾ ಹೋಗುವುದು; ಅದು ಕಲ್ಲಿನಲ್ಲೂ ಹೋಗುತ್ತದೆ, ನೀರಿನಲ್ಲೂ ಹೋಗುತ್ತದೆ. ಇನ್ನೊಂದು ಹೀಗೆ ಹಗ್ಗದ ಹಾಗೆ ಅಲುಗಿಸುತ್ತಾ ಹೋಗುವುದು. ಅದು ಗಟ್ಟಿ ವಸ್ತುವಿನಲ್ಲಿ ಮಾತ್ರ. ನಡುವೆ ಕರಗಿದ್ದೋ ನೀರಾದದ್ದೋ ಸಿಕ್ಕಿದರೆ ಅಲ್ಲಿಗೆ ನಿಂತಿತು. ಎರಡರಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ ಅಂತ ಕಾಯುತ್ತಾ ಕೂತರೆ ಹೊಟ್ಟೆಯೊಳಗಿನದು ಗೊತ್ತಾಗುತ್ತದೆ.

ಈಚೆಗೆ ಮೊಮ್ಮಗಳು ಓದಿ ಹೇಳಿದಳು, ಮಂಗಳ ಗ್ರಹದ ಮೇಲೂ ಅಂಥ ಕಿವಿ ಇಟ್ಟಿದ್ದರಂತೆ. ಅಲ್ಲಿಯ ನೆಲ ತಾನಾಗಿಯೇ ಆಗಾಗ ಅದುರುತ್ತದೆ. ಆ ಅಲುಗುವ ಪೆಟ್ಟು ನಡುವಿಗೆ ಹೋಗದೆ ಬಡಿದು ಹಿಂದಕ್ಕೆ ಬಂದದ್ದರಿಂದ, ಒಳಗಿನ ತಿರುಳು ಕರಗಿದ ಲೋಹ ಅಂತ ತಿಳಿಯಿತಂತೆ. ಅವಳು ಹಗ್ಗ ಹುಡುಕಲು ಹೊರಟಳು. "ಕೂತ್ಕೋ, ನಂಗೊತ್ತು," ಅಂದೆ. ಅವಳು ನಂಬಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು.

ಬಾವಿಯ ಮಾತಿಗೆ ಬರುತ್ತೇನೆ. ಚಂದ್ರನ ಹೊಟ್ಟೆ ನೋಡುವ ಮಿಷನ್ನು ನಮ್ಮ ಅಂಗಳದ ಹೊಟ್ಟೆ ನೋಡಬಾರದೇ ಅಂತ ನಾನು ಕೇಳಿದೆ.

"ಸರ್ಕಾರದ್ದ್ರೀ ಅಕ್ಕಾರ. ಮನಿ ಕೆಲಸಕ್ಕ ಬಳಸಿದ್ರ ನನ್ನ ಹೊಟ್ಟಿ ನೋಡ್ತಾರ."

ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ, ಅವರು ಊಟ ಮಾಡುತ್ತಿದ್ದಾಗ ಎದುರಿಗೇ ಕೊಡ ಎತ್ತಿಕೊಂಡು ಹೊಳೆಗೆ ಇಳಿದೆ. ಬೇಕೆಂದೇ. ಹತ್ತಿ ಬಂದಾಗ ಸೊಟ್ಟ ಕೈಯನ್ನು ಇನ್ನೂ ಸ್ವಲ್ಪ ಸೊಟ್ಟ ಮಾಡಿಕೊಂಡೆ. ಅವರು ತಲೆ ತಗ್ಗಿಸಿ, "ಆಯಿತವಾರ ನೋಡೂಣ್ರಿ," ಅಂದರು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲಿನಿಂದ ಹಲಸಿನ ಮರದವರೆಗೂ ಹಗ್ಗ ಎಳೆದು ಕಿವಿಗಳನ್ನು ಚುಚ್ಚಿದರು. ಯಾರೂ ನಡೆಯಬಾರದು, ಒರಳು ಮುಟ್ಟಬಾರದು, ಮಕ್ಕಳು ಕುಣಿಯಬಾರದು. ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ ಬಾಯಿಗೆ ಬೆಲ್ಲ ಕೊಟ್ಟೆ. ಗಂಡ ಸುತ್ತಿಗೆ ಎತ್ತಿದ. ಚಂದ್ರನ ಮೇಲೆ ಬಂಡಿ ಒಗೆಯುವವನ ಗಾಂಭೀರ್ಯ ಅವನ ಮುಖದಲ್ಲಿ. ಹೊಡೆದ. ಕೊಟ್ಟಿಗೆಯಲ್ಲಿ ಕೆಂಪು ದನ ಬೆದರಿ ಕಾಲು ಒದ್ದಿತು.

"ಅದನ್ನೂ ಬರಕೊಂತು ನೋಡ್ರಿ. ಇನ್ನೊಮ್ಮೆ."

ಮೊದಲು ಈ ತುದಿಯಿಂದ, ಆಮೇಲೆ ಆ ತುದಿಯಿಂದ, ಆಮೇಲೆ ನಡುವೆ. ಮಧ್ಯಾಹ್ನದವರೆಗೂ ಕೂತು ಲೆಕ್ಕ ಹಾಕಿದರು. ಹಲಸಿನ ಮರದ ಹತ್ತಿರ ಎಂಟು ಅಡಿಗೇ ಬಂಡೆ. ಅಂಗಳದ ನಡುವೆಯೂ ಹೆಚ್ಚು ಕಡಿಮೆ ಹಾಗೇ. ಅಡುಗೆಮನೆಯ ಹತ್ತಿರ ಬಂದರೆ ಮಾತ್ರ ಪೆಟ್ಟು ಒಮ್ಮೆಲೇ ನಿಧಾನ. ಹದಿನೆಂಟು, ಇಪ್ಪತ್ತು ಅಡಿಯವರೆಗೂ ಮೆತ್ತಗೆ.

ಅವರು ಕಾಗದದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಅಕ್ಕಾರ, ತಾನಾಗೇ ನೆಲ ಇಷ್ಟು ಸಡಲ ಇರೂದಿಲ್ರಿ. ಇಲ್ಲೇನರ ಹಳೇ ತಗ್ಗು ಇತ್ತೇನು? ಯಾರರ ತುಂಬಿಸಿದ್ದು?"

ನನಗೆ ಗೊತ್ತಿತ್ತು.

ಕೊಡಗಿನವರಿಗೆ ಕಡಂಗ ಅಂದರೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ: ರಾಜರ ಕಾಲಕ್ಕೂ ಹಿಂದೆ, ಶತ್ರುಗಳು ದಾಟಬಾರದು ಅಂತ ಗುಡ್ಡ, ಗದ್ದೆ, ಕಾಡು ನೋಡದೆ ಮೈಲಿಗಟ್ಟಲೆ ತೋಡಿದ ಆಳದ ಕಂದಕ. ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೆ ಒಂದು ಕಡಂಗ ಇದೆ. ಅದು ಕೆಳಗೆ ಇಳಿದು ನಮ್ಮ ಅಂಗಳದಲ್ಲೇ ಹಾದುಹೋಗಿತ್ತು. ನನ್ನ ಗಂಡ ಹುಟ್ಟುವುದಕ್ಕೆ ಮೊದಲೇ ಮಾವ ಅದನ್ನು ತುಂಬಿಸಿ, ಸಮತಟ್ಟು ಮಾಡಿ, ಮನೆ ಕಟ್ಟಿದರು. ಒಂದು ಮಳೆಗಾಲದಲ್ಲಿ ಕರುವಿನ ಕಾಲು ಆ ಜಾಗದಲ್ಲಿ ಮೊಣಕಾಲಿನವರೆಗೂ ಹೂತಾಗ ಅತ್ತೆ ನನ್ನೊಬ್ಬಳಿಗೇ ಹೇಳಿದ್ದರು: "ಅದು ಕಡಂಗ ಕಣೆ ಹುಡುಗಿ. ನಿಮ್ ಮಾವ ಕೈಗೆ ಸಿಕ್ಕಿದ್ದೆಲ್ಲ ಹಾಕಿ ಮುಚ್ಚಿದ್ರು. ಅದರ ಮ್ಯಾಲೆ ಭಾರ ಇಡಬ್ಯಾಡ."

ಇಷ್ಟು ಗೊತ್ತಿದ್ದೂ ನಾನು, "ಇಲ್ಲಪ್ಪ, ಮೊದಲಿಂದ ಹಿಂಗೇ," ಅಂದೆ.

ಮುಖ ನೋಡಿಕೊಂಡೇ ಹೇಳಿದೆ. ಹಲಸಿನ ಮರದ ಹತ್ತಿರ ಬಂಡೆ ಅಂತ ಮಿಷನ್ನೇ ಹೇಳಿಬಿಟ್ಟಿದೆ, ಇಲ್ಲಿ ಮೆತ್ತಗಿದೆ, ಇನ್ನೇನು ಬೇಕು? ಮೆತ್ತಗಿದ್ದಲ್ಲಿ ಬೇಗ ತೋಡಬಹುದು, ತೋಡಿದರೆ ನೀರು ಬಂದೇ ಬರುತ್ತದೆ ಅಂತ ನನ್ನ ಲೆಕ್ಕ. ಸುಳ್ಳು ಹೇಳುವವರಿಗೆ ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ.

"ಹಂಗಾದ್ರ ಒಳಗ ಕೊಳೆತು ಮೆತ್ತಗಾದ ಕಲ್ಲು ಇರಬೇಕು. ನೀರು ಹಿಡದಿರಬಹುದು," ಅಂದರು ಅವರು. ಪೂರ್ತಿ ಮನಸ್ಸಿನಿಂದ ಹೇಳಲಿಲ್ಲ. ಗಂಡ ಸುತ್ತಿಗೆಯನ್ನು ಕೆಳಗಿಟ್ಟು, "ನೀನೇ ಗೆದ್ದೆ ಬಿಡು," ಅಂದ.

ಬಾವಿ ತೋಡಲು ಬಂದವನು ಕೇರಳದ ಗಡಿಯ ಮಾಕುಟ್ಟದ ಆಚೆಯಿಂದ ಬಂದು ಕುಶಾಲನಗರದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಮಲೆಯಾಳಿ. ನಮ್ಮ ಸುತ್ತಿನ ಬಾವಿಗಳೆಲ್ಲ ಅವನ ಕೈಯವೇ. ಮೈಯಲ್ಲಿ ಮಾಂಸ ಇರಲಿಲ್ಲ, ಆದರೆ ಕೈಯಲ್ಲಿ ಗುದ್ದಲಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಮೇಲೆ ಮಣ್ಣು ಎಳೆಯಲು ಗಂಡನೇ ಹಗ್ಗ ಹಿಡಿದ.

ಮೂರನೇ ದಿನಕ್ಕೆ ಹತ್ತಡಿ ಆಯಿತು. ನಾನು ಖುಷಿಯಲ್ಲಿ ಬಾಳೆಹಣ್ಣಿನ ರಸಾಯನ ಮಾಡಿದೆ. ಆ ದಿನವೇ ಬುಟ್ಟಿಯಲ್ಲಿ ಕೊಳೆತ ಮರದ ಬೊಡ್ಡೆಯ ತುಂಡು ಬಂತು. ಆಮೇಲೆ ಮಡಕೆಯ ಚೂರು. ಅವನು ಕೆಳಗಿನಿಂದ ತಲೆ ಎತ್ತಿ ಕೇಳಿದ.

"ಅಮ್ಮಾ, ಇದ್ ಹಾಕಿದ ಮಣ್ಣಲ್ಲಾ? ದೇವರು ಇಟ್ಟ ಮಣ್ಣಲ್ಲಿ ಮಡಕೆ ಇರಲ್ಲ."

"ಹಳೇ ಕಾಲದ್ದಿರಬೇಕು," ಅಂದೆ. ಅದೂ ಸುಳ್ಳಲ್ಲ.

ಅವನು ಮತ್ತೆ ಬಗ್ಗಿದ. ಆದರೆ ಆ ಹೊತ್ತಿನಿಂದ ಗೋಡೆಗೆ ಬೆನ್ನು ಕೊಟ್ಟು ಅಗೆಯಲಿಲ್ಲ, ಗೋಡೆಯನ್ನು ನೋಡಿಕೊಂಡೇ ಅಗೆದ. ನಾನು ಅದನ್ನು ಗಮನಿಸಿದೆ. ಗಮನಿಸಿ ಒಳಗೆ ಹೋದೆ.

ಆರನೇ ದಿನ ಹತ್ತೊಂಬತ್ತು ಅಡಿ. ನೀರಿಲ್ಲ; ಪಸೆಯೂ ಇಲ್ಲ. ಗಟ್ಟಿಯಾದ, ಒಣಗಿದ ನೆಲ ಸಿಕ್ಕಿತ್ತು. ಕಡಂಗದ ತಳ. ಮಧ್ಯಾಹ್ನ ನಾನು ಗಂಜಿ ಆಯಿತು ಅಂತ ಕೂಗಿದೆ. ಅವನು ಹತ್ತಿ ಬಂದು ಕೈ ತೊಳೆದು, ಹಿಂಬಾಗಿಲ ಕಲ್ಲಿನ ಮೇಲೆ ಕೂತ. ನಾನು ಉಪ್ಪಿನಕಾಯಿ ತರಲು ಒಳಗೆ ತಿರುಗಿದೆ. ಹಿಂದೆ ಒಂದು ಸದ್ದು ಕೇಳಿಸಿತು. ದೊಡ್ಡ ಸದ್ದೇನಲ್ಲ, ಭತ್ತದ ಮೂಟೆ ಜಾರಿ ಬಿದ್ದ ಹಾಗೆ. ಕಾಲಿನ ಕೆಳಗೆ ನೆಲ ಒಂದು ಸಲ ಅದುರಿತು.

ಹೊರಗೆ ಬಂದು ನೋಡಿದರೆ ಬಾವಿಯ ಒಂದು ಪಕ್ಕ ಪೂರ್ತಿ ಒಳಗೆ ಕುಸಿದಿತ್ತು. ಗುದ್ದಲಿ, ಬುಟ್ಟಿ, ಏಣಿ ಒಂದೂ ಕಾಣಲಿಲ್ಲ. ಗಂಡ ಹಗ್ಗದ ತುದಿ ಹಿಡಿದುಕೊಂಡು ನಿಂತಿದ್ದ. ಹಗ್ಗ ಮಣ್ಣಿನೊಳಗೆ ಹೋಗಿತ್ತು. ಬಾವಿಯವನು ಗಂಜಿಯ ತಟ್ಟೆಯನ್ನು ಕೆಳಗಿಡಲಿಲ್ಲ. ಉಳಿದದ್ದನ್ನು ಕುಡಿದು ಮುಗಿಸಿದ. ತಟ್ಟೆ ತೊಳೆದು ಕವುಚಿ ಇಟ್ಟ. ಆಮೇಲೆ ಹೇಳಿದ.

"ಅಮ್ಮ, ನಿಮ್ಮ ಗಂಜಿ ಇವತ್ತು ಬೇಗ ಆಯ್ತು."

ಅಷ್ಟೇ ಹೇಳಿ ಮನೆಗೆ ಹೋದ.

ಸಂಜೆ ಮಿಷನ್ನವರು ಬಂದು ಗುಂಡಿಯನ್ನು ನೋಡಿ ಬಿಳಿಚಿಕೊಂಡರು. ಕೋಣೆಯಿಂದ ಕಾಗದದ ಸುರುಳಿ ತಂದು ಜಗಲಿಯ ಮೇಲೆ ಬಿಡಿಸಿ, "ನಾ ಎಲ್ಲಿ ತಪ್ಪಿದೆ? ನಾ ಎಲ್ಲಿ ತಪ್ಪಿದೆ?" ಅಂತ ಅದನ್ನೇ ಹೇಳತೊಡಗಿದರು. ಊಟಕ್ಕೆ ಕರೆದರೆ ಬರಲಿಲ್ಲ. ಹೊಳೆಯ ದಡದಲ್ಲಿ ತಾನು ಅಳೆದದ್ದೆಲ್ಲ ಹೀಗೇ ತಪ್ಪಿದ್ದರೆ, ಅದರ ಮೇಲೆ ಅಣೆಕಟ್ಟು ಕಟ್ಟಿದರೆ, ಅಂದರು. ಗಂಡ, "ಸಾರ್, ಮಣ್ಣಿನ ಕೆಲಸ, ಆಗ್ತದೆ ಬಿಡಿ," ಅಂತ ಸಮಾಧಾನ ಮಾಡುತ್ತಿದ್ದ.

ನಾನು ಬಾಗಿಲಲ್ಲಿ ನಿಂತು ಹೇಳಿದೆ. "ನೀವು ತಪ್ಪಿಲ್ಲ. ಅದು ಕಡಂಗ. ಅತ್ತೆ ನಂಗೆ ಹೇಳಿದ್ರು. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ."

ಗಂಡನೇ ಮೊದಲು ಬಾಯಿ ಬಿಟ್ಟ.

"ಯಾಕೆ?"

"ಬಾವಿ ಇಲ್ಲೇ ಬೇಕಿತ್ತು."

"ಅಷ್ಟಕ್ಕಾ?"

"ದಿನಾ ನೀರು ಹೊತ್ತಿದ್ರೆ ಅಷ್ಟಕ್ಕಾ ಅಂತ ಕೇಳ್ತಿರಲಿಲ್ಲ ನೀನು."

ಅದು ನಿಜವೇ. ಆದರೆ ಆ ಹೊತ್ತಿಗೆ ಹೇಳುವ ಮಾತಾಗಿರಲಿಲ್ಲ. ಗಂಡ ಎದ್ದು ಕೊಟ್ಟಿಗೆಗೆ ಹೋದ.

ಮಿಷನ್ನವರು ಬೈಯುತ್ತಾರೆ ಅಂದುಕೊಂಡೆ. ಅವರು ಕಾಗದದ ಮೇಲೆ ಬೆರಳಿಟ್ಟು, ಆ ಭಾನುವಾರ ತಡೆದು ನಿಂತಿದ್ದ ಜಾಗವನ್ನೇ ಹುಡುಕಿದರು.

"ನೋಡ್ರಿ ಅಕ್ಕಾರ, ಇದು ಖರೇನ ಹೇಳಿತ್ತು. ಇಲ್ಲೊಂದು ತಗ್ಗು ಐತಿ ಅಂತ ಬಾಯಿಬಿಟ್ಟು ಹೇಳಿತ್ತು. ನಾ ಇದನ್ನ ಬಿಟ್ಟು ನಿಮ್ಮನ್ನ ನಂಬಿದೆ." ಕಾಗದ ಸುತ್ತಿಡುತ್ತಾ ಅಂದರು, "ಚಂದ್ರನ ಮ್ಯಾಲೆ ಇಲ್ಲಿ ತಗ್ಗು ಇತ್ತೇನು ಅಂತ ಕೇಳಾಕ ಒಬ್ರೂ ಇಲ್ಲಲ್ಲ, ಅವ್ರಿಗೆ ಎಷ್ಟು ಕಷ್ಟ ಅಂತಿದ್ದೆ. ಚಲೋನ ಆತು ಬಿಡ್ರಿ ಅವ್ರಿಗೆ."

ಅವರು ನನಗೆ ಮಾಡಿದ ಅವಮಾನ ಅಂದರೆ ಇದೊಂದೇ. ಆಮೇಲೆ ಬಂದು ಊಟಕ್ಕೆ ಕೂತರು. ಬಡಿಸಿದ್ದನ್ನು ಉಂಡರು, ಎರಡನೇ ಸಲ ಕೇಳಲಿಲ್ಲ.

ಮಾರನೇ ಬೆಳಿಗ್ಗೆ ನಾನೇ ಬಾವಿಯವನ ಗುಡಿಸಲಿಗೆ ಹೋದೆ. ಗಂಡನನ್ನು ಕಳಿಸಬಹುದಿತ್ತು, ಅವನು ಹೋಗುತ್ತಿದ್ದ. ಆದರೆ ಗುಂಡಿಯಲ್ಲಿ ಇಳಿದವನು ಗಂಡನ ಮಾತಿಗೆ ಇಳಿದವನಲ್ಲ, ನನ್ನ ಮಾತಿಗೆ ಇಳಿದವನು. ಅವನು ಹೊಸ ಗುದ್ದಲಿಗೆ ಮರದ ಕಾವು ಕೂರಿಸುತ್ತಿದ್ದ. ಅವನ ಹೆಂಡತಿ ಕುಳಿತುಕೊಳ್ಳಲು ಮಣೆ ಕೊಟ್ಟಳು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಕಡಂಗ, ಅತ್ತೆ, ಮಡಕೆಯ ಚೂರು ಬಂದಾಗ ನನಗೆ ತಿಳಿದದ್ದು, ತಿಳಿದೂ ಒಳಗೆ ಹೋದದ್ದು.

ಅವನ ಹೆಂಡತಿ ಮಲೆಯಾಳದಲ್ಲಿ ಏನೋ ಅಂದಳು. ನನಗೆ ಪೂರ್ತಿ ಅರ್ಥವಾಗಲಿಲ್ಲ. ಒಳ್ಳೆಯ ಮಾತಲ್ಲ ಅನ್ನುವುದು ಮಾತ್ರ ಅರ್ಥವಾಯಿತು.

ಅವನು ಕಾವನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡಿದ. "ಈಗ ಏನು?"

"ಹಲಸಿನ ಮರದ ಹತ್ರ ತೋಡಿಕೊಡಬೇಕು. ಎಂಟಡಿಗೆ ಬಂಡೆ ಅಂತೆ. ಬರೋಲ್ಲ ಅಂದ್ರೆ ಬೇಜಾರಿಲ್ಲ."

"ಅಲ್ಲಿ ಕೆಳಗೆ ಬೇರೆ ಏನಾದ್ರೂ ಉಂಟಾ? ಗೊತ್ತಿದ್ರೆ ಇವತ್ತೇ ಹೇಳಿ. ನಾನು ಇಳಿದ ಮೇಲೆ ಹೇಳೋದು ಬೇಡ."

"ಗೊತ್ತಿರೋದೆಲ್ಲ ಹೇಳಿದೀನಿ."

ಅವನು ಯೋಚಿಸಿದ. "ಬರ್ತೇನೆ. ಆದ್ರೆ ನಾನು ಕೆಳಗೆ ಇರೋವರೆಗೆ ನೀವು ಮೇಲೆ ಕೂತಿರಬೇಕು. ಗೌಡರಲ್ಲ, ನೀವು. ಬಾವಿ ಅಂಚಲ್ಲೇ. ಒಳಗೆ ಹೋಗಬಾರದು."

ಒಪ್ಪಿದೆ.

ಹದಿಮೂರು ದಿನ ಕೂತೆ. ಬೆಳಿಗ್ಗೆ ಅವನು ಇಳಿದರೆ ನಾನು ಅಂಚಿನಲ್ಲಿ ಚಾಪೆ ಹಾಕಿ ಕೂರುವುದು, ಅವನು ಹತ್ತಿದ ಮೇಲೆ ಏಳುವುದು. ಅಡುಗೆ ಗಂಡ ಮಾಡಿದ. ಅನ್ನ ಒಂದು ದಿನ ಹಸಿ, ಒಂದು ದಿನ ಸೀದದ್ದು. ಮಕ್ಕಳು ಅಳುತ್ತಾ ತಿಂದರು. ಗಂಡ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಹೊಳೆಯಿಂದ ತುಂಬಿದ ಕೊಡ ಹೊತ್ತು ಹತ್ತಿ ಬಂದು, ನನ್ನ ಮುಂದೆ ಇಟ್ಟು, ಏದುಸಿರು ಬಿಡುತ್ತಾ ನಿಂತ.

ಎಂಟು ಅಡಿಗೆ ಬಂಡೆ ಸಿಕ್ಕಿತು, ಮಿಷನ್ನು ಹೇಳಿದ ಹಾಗೇ. ಚಾಣದಿಂದ ಕುಟ್ಟಬೇಕಾಯಿತು. ಕೂತಲ್ಲೇ ಕೂತರೆ ಕೆಲಸವಿಲ್ಲದ ಮೈಗೆ ಬೇರೇನೋ ತಿಳಿಯತೊಡಗುತ್ತದೆ. ಮಣ್ಣು ಅಗೆಯುತ್ತಿದ್ದಾಗ ಅವನ ಪೆಟ್ಟು ನನಗೆ ಕಿವಿಯಿಂದ ಮಾತ್ರ ಕೇಳಿಸುತ್ತಿತ್ತು. ಬಂಡೆಗೆ ಬಿದ್ದ ಮೇಲೆ ಅದು ನೆಲದಿಂದ ನೇರ ಚಾಪೆಗೆ, ಚಾಪೆಯಿಂದ ನನ್ನ ಮೂಳೆಗೆ ಬರತೊಡಗಿತು. ಸದ್ದು ಗಾಳಿಯಲ್ಲಿ ಬರುವುದಕ್ಕೂ ಮುಂಚೆ ಬಂದ ಹಾಗಿತ್ತು. ಮಿಷನ್ನವರಿಗೆ ಹೇಳಿದೆ. "ಹೌದ್ರಿ, ಕಲ್ಲಾಗ ಅದು ಗಾಳಿಗಿಂತ ಜೋರು ಓಡ್ತೈತಿ," ಅಂದರು. ಅವತ್ತು ಅವರು ರೊಟ್ಟಿಯನ್ನು ಎರಡನೇ ಸಲ ಕೇಳಿದರು.

ಚಂದ್ರನ ಮೇಲೆ ಕೂತ ಆ ಕಿವಿಯ ನೆನಪು ನನಗೆ ಆಗಾಗ ಬರುತ್ತಿತ್ತು. ಅದಕ್ಕೆ ಅಡುಗೆ ಇಲ್ಲ, ಮಕ್ಕಳಿಲ್ಲ, ಇಂಥಲ್ಲೇ ಬೇಕು ಅನ್ನುವ ಹಟವಿಲ್ಲ. ಬಂದ ಪೆಟ್ಟನ್ನು ಬಂದ ಹಾಗೇ ಕಳಿಸುತ್ತದೆ. ಮನುಷ್ಯರಿಗೆ ಅದು ಕಷ್ಟ. ನನಗಂತೂ ಕಷ್ಟವೇ ಆಗಿತ್ತು.

ಹದಿಮೂರನೇ ದಿನ ಮಧ್ಯಾಹ್ನದ ಮೇಲೆ ಪೆಟ್ಟು ಬದಲಾಯಿತು. ಕಣ್ ಕಣ್ ಅನ್ನುತ್ತಿದ್ದದ್ದು ಒಮ್ಮೆಲೇ ಮಂದವಾಯಿತು. ಹಸಿ ಮಡಕೆಗೆ ಬಡಿದ ಹಾಗೆ. ನಾನು ಅಂಚಿಗೆ ಬಗ್ಗಿದೆ.

"ಏನಾಯ್ತು ಅಲ್ಲಿ? ಮೇಲೆ ಬಾ!"

"ಯಾಕಮ್ಮ?"

"ಸದ್ದು ಬೇರೆ ಆಯ್ತು. ಬಾ ಅಂದ್ನಲ್ಲ!"

ಅವನು ಚಾಣವನ್ನು ಕಲ್ಲಿನ ಬಿರುಕಿನಲ್ಲೇ ಬಿಟ್ಟು, ಇನ್ನೊಂದು ಪ್ರಶ್ನೆ ಕೇಳದೆ ಹತ್ತಿ ಬಂದ. ನನ್ನ ಪಕ್ಕದಲ್ಲೇ ಕೂತು ಕೆಳಗೆ ನೋಡಿದ. ಇಬ್ಬರೂ ನೋಡಿದೆವು. ಗೋಡೆ ಅಲುಗಲಿಲ್ಲ. ಬೀಡಿ ಸೇದಿ ಮುಗಿಸುವಷ್ಟು ಹೊತ್ತಾದ ಮೇಲೆ ಚಾಣದ ಸುತ್ತ ಕಲ್ಲು ಕಪ್ಪಾಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಅದು ಹೊಳೆಯಿತು.

"ನೀರು," ಅಂದ.

"ಗೋಡೆ ಕುಸೀತದೆ ಅಂದ್ಕೊಂಡೆ," ಅಂದೆ.

"ಗೊತ್ತಾಯ್ತು," ಅಂದ ಅವನು. ಎದ್ದು, ಬುಟ್ಟಿಯನ್ನು ಹಗ್ಗಕ್ಕೆ ಕಟ್ಟಿ, ಮತ್ತೆ ಇಳಿಯಲು ಏಣಿಗೆ ಕಾಲಿಟ್ಟು ತಲೆ ಎತ್ತಿ ನೋಡಿದ. ನಾನು ಚಾಪೆಯ ಮೇಲೆಯೇ ಇದ್ದೆ. ಅವನು ಇಳಿದ.